ಅಮಲಿನ ಹಾಡು, ಎಚ್ಚರದ ಕೈಗಳು

ಬೀಟಲ್ಸ್ ತಂಡದ 'ರಿವಾಲ್ವರ್' ಆಲ್ಬಮ್ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 1966ರ ಆಗಸ್ಟ್ 5ರಂದು. ಅದರ ಮಾತು ಬಂದಾಗಲೆಲ್ಲ ಒಂದು ಕಥೆಯೂ ಜೊತೆಯಲ್ಲೇ ಬರುತ್ತದೆ. ಹುಡುಗರು ಎಲ್‌ಎಸ್‌ಡಿ ಸೇವಿಸಿದರು, ಒಳಗಣ್ಣು ತೆರೆಯಿತು, ಆ ಕಣ್ಣಿಗೆ ಕಂಡದ್ದೇ ಹಾಡಾಗಿ ಹರಿಯಿತು ಎಂಬ ಕಥೆ. ಸೈಕೆಡೆಲಿಕ್ ರಾಕ್ ಎಂಬ ಇಡೀ ಪ್ರಕಾರದ ಬಗೆಗೇ ಈ ನಂಬಿಕೆ ಬೇರೂರಿದೆ: ಮಾದಕವಸ್ತು ಕಾರಣ, ಸಂಗೀತ ಅದರ ಫಲ. ಮೆಚ್ಚುವವರೂ ಹೀಗೇ ಹೇಳುತ್ತಾರೆ, ಹಳಿಯುವವರೂ ಹೀಗೇ ಹೇಳುತ್ತಾರೆ. ಮೆಚ್ಚುವವರಿಗೆ ಅದು ದಿವ್ಯಾನುಭವದ ದಾಖಲೆ, ಹಳಿಯುವವರಿಗೆ ನಶೆಯ ಬಡಬಡಿಕೆ. ಎರಡೂ ಕಡೆಯವರು ಪರೀಕ್ಷಿಸದೆ ಒಪ್ಪಿಕೊಂಡಿರುವ ಈ ಕಾರಣವೇ ತಪ್ಪು ಎಂದು ನನಗೆ ಅನ್ನಿಸುತ್ತದೆ.

ರಿವಾಲ್ವರ್ ಕೇಳುಗನ ಚಿತ್ತವನ್ನು ಕದಡುವ ಆಲ್ಬಮ್ ಹೌದು. ಆದರೆ ಕದಡುವ ಕೆಲಸ ಮಾಡಿದವರ ಚಿತ್ತ ಕದಡಿರಲಿಲ್ಲ. ಕತ್ತರಿ, ಅಂಟುಪಟ್ಟಿ, ಮೈಕು, ಟೇಪು ಹಿಡಿದು, ಗಡಿಯಾರ ನೋಡಿಕೊಂಡು, ಒಂದೇ ಸಾಲನ್ನು ಹತ್ತಾರು ಸಲ ನುಡಿಸಿ ತಿದ್ದಿ ಮಾಡಿದ ಕೆಲಸ ಅದು. ಈ ಮಾತನ್ನು ಒಪ್ಪುವುದಾದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಆಲ್ಬಮ್ಮಿನ ಶ್ರೇಯಸ್ಸು ಅನುಭವಕ್ಕಲ್ಲದೆ ಕೆಲಸಕ್ಕೆ ಸೇರುವುದಾದರೆ, ಕೆಲಸ ಮಾಡಿದ ಎಲ್ಲ ಕೈಗಳಿಗೂ ಅದರಲ್ಲಿ ಪಾಲಿದೆ. ಆ ಕೈಗಳು ನಾಲ್ವರವಷ್ಟೇ ಅಲ್ಲ.

ಕೆಲಸದ ಪ್ರಮಾಣವನ್ನೇ ಮೊದಲು ನೋಡೋಣ. ಬೀಟಲ್ಸ್ ತಮ್ಮ ಮೊದಲ ಎಲ್‌ಪಿಯ ಹತ್ತು ಹಾಡುಗಳನ್ನು ಮುಗಿಸಿದ್ದು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ. ಊರೂರು ಸುತ್ತಿ ವೇದಿಕೆಯ ಮೇಲೆ ಹಾಡುತ್ತಿದ್ದುದನ್ನೇ ಸ್ಟುಡಿಯೋದಲ್ಲಿ ಹಾಡಿ ಮನೆಗೆ ಹೋದರು. ಮೂರು ವರ್ಷದ ನಂತರ ಅದೇ ಲಂಡನ್ನಿನ ಅಬ್ಬಿ ರೋಡಿನ ಇಎಂಐ ಸ್ಟುಡಿಯೋದಲ್ಲಿ, 1966ರ ಏಪ್ರಿಲ್ 6ರಿಂದ ಜೂನ್ 21ರ ತನಕ, ಇನ್ನೂರು ಗಂಟೆಗೂ ಮೀರಿ ದುಡಿದರು. ಹಾಡುಗಳು ಹದಿನಾಲ್ಕು, ಒಟ್ಟು ಅವಧಿ ಸುಮಾರು ಮೂವತ್ತೈದು ನಿಮಿಷ. ಕೈಯಲ್ಲಿದ್ದ ಯಂತ್ರಗಳಲ್ಲಿ ನಾಲ್ಕೇ ಟ್ರ್ಯಾಕ್. ಐದನೆಯ ಪದರ ಬೇಕೆಂದರೆ ಮೊದಲ ಪದರಗಳನ್ನು ಒಂದಾಗಿ ಬೆರೆಸಿ ಜಾಗ ಮಾಡಿಕೊಳ್ಳಬೇಕು. ಒಮ್ಮೆ ಬೆರೆಸಿದರೆ ಮತ್ತೆ ಬಿಡಿಸುವಂತಿಲ್ಲ. ಇಂಥ ಕಟ್ಟುಪಾಡಿನೊಳಗೆ ಕೂತವನಿಗೆ ಪ್ರತಿ ಹೆಜ್ಜೆಯೂ ಲೆಕ್ಕಾಚಾರ.

ಆ ಸ್ಟುಡಿಯೋ ಕೂಡ ಕಲಾವಿದರ ಮಠವಾಗಿರಲಿಲ್ಲ. 1931ರಲ್ಲಿ ಸಂಯೋಜಕ ಎಡ್ವರ್ಡ್ ಎಲ್ಗರ್ ವಾದ್ಯವೃಂದವನ್ನು ನಡೆಸಿ ಉದ್ಘಾಟಿಸಿದ ಸಂಸ್ಥೆ ಅದು. ತಂತ್ರಜ್ಞರು ಪ್ರಯೋಗಾಲಯದವರ ಹಾಗೆ ಬಿಳಿ ಕೋಟು ತೊಡುತ್ತಿದ್ದರು. ಡ್ರಮ್ಮಿನಿಂದ ಮೈಕು ಎಷ್ಟು ದೂರ ಇರಬೇಕೆಂಬುದಕ್ಕೂ ನಿಯಮವಿತ್ತು. ಏಪ್ರಿಲ್ ತಿಂಗಳಲ್ಲಿ ಬೀಟಲ್ಸ್ ರೆಕಾರ್ಡಿಂಗ್ ಎಂಜಿನಿಯರ್ ಆಗಿ ಕುರ್ಚಿಯೇರಿದ ಜೆಫ್ ಎಮೆರಿಕ್‌ಗೆ ವಯಸ್ಸು ಇಪ್ಪತ್ತು. ಆತ ಮೊದಲು ಮುರಿದದ್ದು ಈ ನಿಯಮವನ್ನೇ. ರಿಂಗೋ ಸ್ಟಾರ್ ಅವರ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ ಅದರ ಗುಂಯ್‌ಗುಡುವಿಕೆಯನ್ನು ಅಡಗಿಸಿದರು, ಮೈಕನ್ನು ತೊಗಲಿನ ಹತ್ತಿರಕ್ಕೇ ತಂದರು, ಬಂದ ನಾದವನ್ನು ಲಿಮಿಟರ್ ಯಂತ್ರದಲ್ಲಿ ಹಿಂಡಿದರು. ಆ ತನಕ ಹಿಂದೆಲ್ಲೋ ತಟತಟ ಎನ್ನುತ್ತಿದ್ದ ಡ್ರಮ್ಮು ಈಗ ಕೇಳುವವನ ಎದೆಯ ಮೇಲೇ ಬಡಿಯತೊಡಗಿತು. ಇಂದು ಯಾವ ಸಿನಿಮಾ ಹಾಡು ಹಾಕಿದರೂ ಡ್ರಮ್ಮು ಹೀಗೆ ಮುಂದೆ ಬಂದು ನಿಂತಿರುತ್ತದೆ. ಹೀಗೆ ಮುಂದೆ ಬರುವುದು ಕೂಡ ಒಮ್ಮೆ ಯಾರೋ ಯೋಚಿಸಿ, ಮೇಲಿನವರ ಅಸಮಾಧಾನ ಎದುರಿಸಿ ಮಾಡಿದ ಆಯ್ಕೆ ಎಂಬುದು ನಮಗೆ ಮರೆತೇಹೋಗಿದೆ.

ಮೊದಲ ದಿನವೇ ಕೈಗೆತ್ತಿಕೊಂಡ ಹಾಡು 'ಟುಮಾರೋ ನೆವರ್ ನೋಸ್'. ಆಲ್ಬಮ್ಮಿನಲ್ಲಿ ಅದು ಕಟ್ಟಕಡೆಯ ಹಾಡು. ಆ ಹಾಡಿನಲ್ಲಿ ಕಂಡುಕೊಂಡದ್ದನ್ನು ಉಳಿದ ಹದಿಮೂರರಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಬಳಸಿಕೊಂಡು, ಮೂಲವನ್ನು ಕೊನೆಗೆ ಇಟ್ಟರು. ಕೇಳುಗ ಮೂವತ್ತೆರಡು ನಿಮಿಷ ಅಭ್ಯಾಸ ಮಾಡಿಕೊಂಡ ಮೇಲೆ ಮೊದಲ ದಿನದ ಆವಿಷ್ಕಾರಕ್ಕೆ ಎದುರಾಗುತ್ತಾನೆ. ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ನಶೆಯ ಲೆಕ್ಕಕ್ಕೆ ಬರೆಯುವುದು ನನ್ನಿಂದ ಆಗದು.

ಈ ಹಾಡಿನ ಮಾತುಗಳ ಮೂಲ ಟಿಮೊಥಿ ಲಿಯರಿ, ರಾಲ್ಫ್ ಮೆಟ್ಜ್ನರ್, ರಿಚರ್ಡ್ ಆಲ್ಪರ್ಟ್ ಸೇರಿ 1964ರಲ್ಲಿ ಪ್ರಕಟಿಸಿದ ಪುಸ್ತಕ. ಟಿಬೆಟಿನ ಮರಣಗ್ರಂಥವನ್ನು ಎಲ್‌ಎಸ್‌ಡಿ ಸೇವಿಸುವವರ ಕೈಪಿಡಿಯಾಗಿ ಅವರು ರೂಪಾಂತರಿಸಿದ್ದರು. ಜಾನ್ ಲೆನನ್ ಅದನ್ನು ಓದಿ ಹಾಡು ಕಟ್ಟಿದರು. ತಮ್ಮ ದನಿ ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಪಠಿಸಿದಂತೆ ಕೇಳಿಸಬೇಕೆಂದು ಬೇಡಿಕೆಯಿಟ್ಟರು. ಬೇಡಿಕೆಯಲ್ಲಿ ಕನಸಿದೆ, ಒಪ್ಪೋಣ. ಅದನ್ನು ನಾದವಾಗಿಸಿದ್ದು ಮಾತ್ರ ಹ್ಯಾಮಂಡ್ ಆರ್ಗನ್ನಿನ ಜೊತೆ ಬರುವ ಲೆಸ್ಲಿ ಸ್ಪೀಕರ್. ಪೆಟ್ಟಿಗೆಯೊಳಗೆ ಗರಗರ ತಿರುಗುತ್ತಾ ಧ್ವನಿಯನ್ನು ಅಲೆಯಲೆಯಾಗಿ ಚೆಲ್ಲುವ ಯಂತ್ರ ಅದು. ಆರ್ಗನ್ನಿನ ತಂತಿ ಕಳಚಿ ಲೆನನ್ನರ ದನಿಯನ್ನು ಅದಕ್ಕೆ ಕೊಟ್ಟರೆ ಹೇಗೆ ಎಂದು ಯೋಚಿಸಿದವರು ಎಮೆರಿಕ್. ಹಾಡಿನ ಉತ್ತರಾರ್ಧದಲ್ಲಿ ಲೆನನ್ನರ ಕಂಠ ದೂರದಿಂದ ತೇಲಿ ಬರುವುದು ಆ ಪೆಟ್ಟಿಗೆಯಿಂದ. ಒಂದೇ ಸಾಲನ್ನು ಎರಡೆರಡು ಸಲ ಹಾಡಿ ದನಿಯನ್ನು ದಪ್ಪಗಾಗಿಸುವ ಕೆಲಸ ಲೆನನ್‌ರಿಗೆ ಬೇಸರ ತರಿಸುತ್ತಿತ್ತು. ಅದಕ್ಕೆ ಸ್ಟುಡಿಯೋದ ತಂತ್ರಜ್ಞ ಕೆನ್ ಟೌನ್‌ಸೆಂಡ್ ಒಂದು ಉಪಾಯ ಹುಡುಕಿದರು. ಎರಡನೆಯ ಟೇಪ್ ಯಂತ್ರದಿಂದ ಅದೇ ದನಿಯನ್ನು ಕ್ಷಣದ ಒಂದು ತುಣುಕಿನಷ್ಟು ತಡವಾಗಿ ಜೋಡಿಸುವುದು. ಎಡಿಟಿ ಎಂಬ ಹೆಸರಿನಲ್ಲಿ ಆ ಉಪಾಯ ಆಮೇಲೆ ರೆಕಾರ್ಡಿಂಗ್ ಲೋಕದ ತುಂಬ ಹರಡಿತು.

ಹಾಡಿನ ತುಂಬ ಹಾರಾಡುವ ವಿಚಿತ್ರ ಸದ್ದುಗಳನ್ನು ತಂದವರು ಪಾಲ್ ಮೆಕಾರ್ಟ್ನಿ. ನಾಲ್ವರಲ್ಲಿ ಎಲ್‌ಎಸ್‌ಡಿಗೆ ಎಲ್ಲರಿಗಿಂತ ಹೆಚ್ಚು ಹಿಂಜರಿದವರು ಇವರೇ ಎಂಬುದನ್ನು ಗಮನಿಸಬೇಕು. ಆ ದಿನಗಳಲ್ಲಿ ಅವರು ಜರ್ಮನಿಯ ಸಂಯೋಜಕ ಸ್ಟಾಕ್‌ಹೌಸನ್ನರ ಟೇಪ್ ಸಂಗೀತವನ್ನು ಕೇಳುತ್ತಿದ್ದರು. ಮನೆಯ ಟೇಪ್ ರೆಕಾರ್ಡರಿನಲ್ಲಿ ಹಳೆಯದನ್ನು ಅಳಿಸುವ ಭಾಗವನ್ನು ನಿಷ್ಕ್ರಿಯಗೊಳಿಸಿ, ಟೇಪಿನ ಒಂದು ತುಂಡಿನ ಎರಡೂ ತುದಿಗಳನ್ನು ಅಂಟಿಸಿ ಬಳೆಯಂತೆ ಸುತ್ತಿಸುತ್ತಿದ್ದರು. ಪ್ರತಿ ಸುತ್ತಿನಲ್ಲೂ ಹೊಸ ಸದ್ದು ಹಳೆಯದರ ಮೇಲೆ ಕೂರುತ್ತಿತ್ತು. ಕಡಲಹಕ್ಕಿಯ ಕೂಗಿನಂತೆ ಕೇಳಿಸುವುದು ಅವರದೇ ನಗು, ವೇಗ ಬದಲಿಸಿದ್ದು ಅಷ್ಟೆ. ಏಪ್ರಿಲ್ 7ರಂದು ಇಂಥ ಐದು ಲೂಪ್‌ಗಳನ್ನು ಕಟ್ಟಡದ ಬೇರೆಬೇರೆ ಯಂತ್ರಗಳಿಗೆ ಹಾಕಿ, ಎಲ್ಲದರ ತಂತಿಗಳನ್ನೂ ಒಂದೇ ಮಿಕ್ಸಿಂಗ್ ಮೇಜಿಗೆ ಎಳೆದರು. ಯಂತ್ರದ ಅಳತೆಗೆ ಮೀರಿದ ಟೇಪಿನ ಬಳೆ ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲ್ ಹಿಡಿದು ನಿಂತಿದ್ದರು. ಮೇಜಿನ ಮುಂದೆ ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಮೆರಿಕ್ ಮತ್ತು ತಂಡದವರು ಹಾಡು ಓಡುತ್ತಿರುವಂತೆಯೇ ಒಂದೊಂದು ಲೂಪನ್ನು ಏರಿಸುತ್ತಾ ಇಳಿಸುತ್ತಾ ಹೋದರು.

ಹಾಗಾಗಿ ಆ ಮಿಕ್ಸ್ ಕೂಡ ಒಂದು ವಾದನ. ಎರಡನೆಯ ಸಲ ಅದನ್ನು ಹಾಗೇ ನುಡಿಸುವುದು ಅಸಾಧ್ಯ. ಡಿಸ್ಕ್ ಅಚ್ಚಾಗುವ ಹೊತ್ತಿಗೆ ಮಾರ್ಟಿನ್ ಮನಸ್ಸು ಬದಲಿಸಿ, ಹನ್ನೊಂದನೆಯ ಮಿಕ್ಸ್ ಬೇಡ, ಎಂಟನೆಯದನ್ನೇ ಹಾಕಿ ಎಂದು ಹೇಳಿಕಳುಹಿಸಿದರು. ಅಷ್ಟರಲ್ಲಿ ಅಚ್ಚಾಗಿದ್ದ ಕೆಲವು ಮೊನೊ ಪ್ರತಿಗಳಲ್ಲಿ ಹನ್ನೊಂದನೆಯದೇ ಉಳಿಯಿತು. ಸಂಗ್ರಾಹಕರು ಅಂಥ ಪ್ರತಿಗಳಿಗೆ ಮುಗಿಬೀಳುತ್ತಾರೆ. ನನಗೆ ಅವುಗಳ ಬೆಲೆಗಿಂತ ಅವು ಹೇಳುವ ವಿಷಯ ದೊಡ್ಡದು: ಕೊನೆಯ ಗಳಿಗೆಯವರೆಗೂ ಒಬ್ಬ ಮನುಷ್ಯ ಕಿವಿಗೊಟ್ಟು ಕೇಳಿ, ಎರಡು ವಾದನಗಳನ್ನು ತೂಗಿ ನೋಡುತ್ತಿದ್ದ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಎಲ್‌ಎಸ್‌ಡಿ ಇಲ್ಲದಿದ್ದರೆ ಲೆನನ್‌ರಿಗೆ ಇಂಥ ಬೇಡಿಕೆಯಾದರೂ ಎಲ್ಲಿಂದ ಹುಟ್ಟುತ್ತಿತ್ತು? ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ 1965ರಲ್ಲೇ ಆ ಅನುಭವ ಪಡೆದಿದ್ದರು. ಆಗ ಅದು ಬ್ರಿಟನ್ನಿನಲ್ಲಿ ಕಾನೂನುಬಾಹಿರವೂ ಆಗಿರಲಿಲ್ಲ. 'ಶಿ ಸೆಡ್ ಶಿ ಸೆಡ್' ಹಾಡು ಹುಟ್ಟಿದ್ದು ಆ ವರ್ಷದ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಅಂಥ ಒಂದು ಕೂಟದಿಂದ. ಸತ್ತರೆ ಹೇಗಿರುತ್ತದೆಂದು ತನಗೆ ಗೊತ್ತು ಎಂದು ನಟ ಪೀಟರ್ ಫೋಂಡಾ ಪದೇಪದೇ ಹೇಳಿ ಲೆನನ್‌ರನ್ನು ಕಂಗೆಡಿಸಿದ್ದರು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ವಸ್ತು ಅಲ್ಲಿಂದ ಬಂತು, ಹಂಬಲವೂ ಅಲ್ಲಿಂದ ಬಂತು. ಆದರೆ ಆ ಹಾಡಿನ ತಾಳವನ್ನು ಕೇಳಿ ನೋಡಿ. ನಾಲ್ಕರ ನಡೆಯಲ್ಲಿ ಸಾಗುತ್ತಿದ್ದುದು ನಡುವೆ, ಬಾಲ್ಯದ ನೆನಪಿನ ಭಾಗ ಬಂದೊಡನೆ, ಮೂರರ ನಡೆಗೆ ಜಾರುತ್ತದೆ, ಮತ್ತೆ ನಾಲ್ಕಕ್ಕೆ ಮರಳುತ್ತದೆ. ನೆಲ ಕುಸಿದಂತೆ ಆಗುವುದು ಕೇಳುವವನಿಗೆ. ಡ್ರಮ್ಮಿನ ಹಿಂದೆ ಕೂತ ರಿಂಗೋ ಒಂದು ಏಟೂ ಹಿಂದೆ ಮುಂದೆ ಹೋಗುವುದಿಲ್ಲ. ನಾಟಕ ಕಂಪನಿಯಲ್ಲಿ ಕುಡುಕನ ಪಾತ್ರ ಹಾಕುವ ನಟ ನಿಜಕ್ಕೂ ಕುಡಿದು ಬಂದರೆ ಆ ಪಾತ್ರ ಕೆಡುತ್ತದೆ. ಸೈಕೆಡೆಲಿಕ್ ಸಂಗೀತದ ಒಳಗುಟ್ಟೂ ಇದೇ. ದಿಕ್ಕು ತಪ್ಪಿದಂತೆ ಕೇಳಿಸಬೇಕಾದರೆ ನುಡಿಸುವವನಿಗೆ ದಿಕ್ಕು ಗೊತ್ತಿರಬೇಕು.

ಇದಕ್ಕೆ ಪೂರಕ ಸಾಕ್ಷ್ಯವೊಂದು ಮರುವರ್ಷವೇ ಸಿಕ್ಕಿತು. 1967ರ ಮಾರ್ಚ್ 21ರಂದು 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಕೆಲಸ ನಡೆದಿದ್ದಾಗ ಲೆನನ್ ಬೇರೆ ಮಾತ್ರೆಯೆಂದು ತಿಳಿದು ಎಲ್‌ಎಸ್‌ಡಿ ನುಂಗಿಬಿಟ್ಟರು. ಏನಾಗಿದೆಯೆಂದು ತಿಳಿಯದ ಮಾರ್ಟಿನ್, ಗಾಳಿಗೆ ಸರಿಹೋದೀತೆಂದು ಅವರನ್ನು ಸ್ಟುಡಿಯೋದ ತಾರಸಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ವಿಷಯ ಗೊತ್ತಾದ ಗೆಳೆಯರು ಓಡಿಹೋಗಿ ಕೆಳಗೆ ಕರೆತರಬೇಕಾಯಿತು. ಆ ರಾತ್ರಿ ಲೆನನ್‌ರಿಂದ ಕೆಲಸ ಸಾಗಲಿಲ್ಲ. ಎಲ್‌ಎಸ್‌ಡಿ ಕುಳಿತಲ್ಲಿಂದಲೇ ಸಂಗೀತ ಸುರಿಸುತ್ತದೆ ಎಂಬ ಪುರಾಣದ ವಿರುದ್ಧ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

'ಐಯಾಮ್ ಓನ್ಲಿ ಸ್ಲೀಪಿಂಗ್' ಹಾಡಿನ ಗಿಟಾರು ಇನ್ನೂ ಒಳ್ಳೆಯ ನಿದರ್ಶನ. ಅರೆನಿದ್ದೆಯ ಮಂಪರನ್ನು ತೋರುವ ಆ ಗಿಟಾರು ಹಿಂದುಮುಂದಾಗಿ ಕೇಳಿಸುತ್ತದೆ. ಪ್ರತಿ ಸ್ವರವೂ ತೆಳುವಾಗಿ ಹುಟ್ಟಿ, ಉಬ್ಬಿ, ತಟ್ಟನೆ ನಿಲ್ಲುತ್ತದೆ. ಏನನ್ನೋ ನುಡಿಸಿ ಟೇಪನ್ನು ತಿರುಗಿಸಿದ್ದರೆ ಕೆಲಸ ಹತ್ತು ನಿಮಿಷದ್ದು. ಹ್ಯಾರಿಸನ್ ಹಾಗೆ ಮಾಡಲಿಲ್ಲ. ಕೇಳುಗನಿಗೆ ಯಾವ ಸ್ವರಸಾಲು ಕೇಳಿಸಬೇಕೋ ಅದನ್ನು ಮೊದಲು ಕಟ್ಟಿಕೊಂಡು, ಕೊನೆಯಿಂದ ಮೊದಲಿಗೆ ತಿರುಗಿಸಿ ಬರೆಸಿ, ಆ ತಿರುಗುಮುರುಗಾದ ಸಾಲನ್ನು ಅಭ್ಯಾಸ ಮಾಡಿ ನುಡಿಸಿ, ಆಮೇಲೆ ಟೇಪನ್ನು ತಿರುಗಿಸಿದರು. ಒಂದು ಸಲವಲ್ಲ, ಎರಡು ಗಿಟಾರುಗಳಲ್ಲಿ. ಕೆಲವೇ ಕ್ಷಣಗಳ ಆ ಭಾಗಕ್ಕೆ ನಡುರಾತ್ರಿ ಮೀರುವ ತನಕ ಗಂಟೆಗಟ್ಟಲೆ ಹಿಡಿಯಿತು. ಸೋಮಾರಿತನವನ್ನು ಹಾಡಿ ಹೊಗಳುವ ಹಾಡಿಗಾಗಿ ಇಷ್ಟು ದುಡಿದಿದ್ದಾರೆ.

ಆಲ್ಬಮ್ಮಿನ ಎಲ್ಲ ಹಾಡುಗಳೂ ಇದೇ ಎತ್ತರದವು ಎಂದೇನೂ ನಾನು ಹೇಳುವುದಿಲ್ಲ. 'ಡಾಕ್ಟರ್ ರಾಬರ್ಟ್' ನನ್ನ ಕಿವಿಗೆ ಸಾಧಾರಣ. ಹದಿನಾಲ್ಕರಲ್ಲಿ ಸೈಕೆಡೆಲಿಕ್ ಎನ್ನಬಹುದಾದವು ನಾಲ್ಕೈದು ಮಾತ್ರ. ಮೊದಲ ಹಾಡು ಆದಾಯ ತೆರಿಗೆಯ ಮೇಲೆ ಸಿಟ್ಟು ಕಾರುತ್ತದೆ, ಎರಡನೆಯದು ಒಂಟಿ ಮುದುಕಿಯ ಶವಸಂಸ್ಕಾರದಲ್ಲಿ ಕೊನೆಗೊಳ್ಳುತ್ತದೆ. ಆ ಎರಡನೆಯ ಹಾಡು, 'ಎಲಿನಾರ್ ರಿಗ್ಬಿ', ಸೈಕೆಡೆಲಿಕ್ ಅಲ್ಲದಿದ್ದರೂ ಅದೇ ಕಾರ್ಯಾಗಾರದ ಮಾಲು. ಬೀಟಲ್ಸ್ ಅದರಲ್ಲಿ ಒಂದು ವಾದ್ಯವನ್ನೂ ಮುಟ್ಟಿಲ್ಲ. ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೋಗಳಿಗೆ ಮಾರ್ಟಿನ್ ಬರೆದುಕೊಟ್ಟ ಸಂಗೀತ. ಹಿಚ್‌ಕಾಕ್ ಚಿತ್ರಗಳ ಸಂಗೀತಗಾರ ಬರ್ನರ್ಡ್ ಹರ್ಮನ್ನರ ಪ್ರಭಾವ ಅದರ ಮೇಲಿದೆ. ಎಮೆರಿಕ್ ಇಲ್ಲಿಯೂ ಮೈಕುಗಳನ್ನು ತಂತಿಗಳ ಹತ್ತಿರಕ್ಕೇ ತಂದರು. ಅಭ್ಯಾಸವಿಲ್ಲದ ವಾದಕರು ಕುರ್ಚಿಯನ್ನು ಮೆಲ್ಲಗೆ ಹಿಂದೆ ಸರಿಸಿಕೊಂಡರಂತೆ. ಬಿಲ್ಲು ತಂತಿಯನ್ನು ಕಚ್ಚುವ ಸದ್ದು ಕೂಡ ದಾಖಲಾಯಿತು. ಸಾವಿನ ಹಾಡಿಗೆ ಸವಿಯಾದ ಪಿಟೀಲು ಸಲ್ಲದು ಎಂಬ ತೀರ್ಮಾನ ಅದರಲ್ಲಿದೆ. ಡ್ರಮ್ಮಿಗೆ ಮಾಡಿದ್ದನ್ನೇ ಪಿಟೀಲಿಗೂ ಮಾಡಿದ್ದರು. ಒಳಲೋಕದ ಹಾಡಿಗೂ ಹೊರಲೋಕದ ಹಾಡಿಗೂ ಒಂದೇ ಕಿವಿ, ಒಂದೇ ಶ್ರದ್ಧೆ ದುಡಿದಿದೆ. ರಿವಾಲ್ವರನ್ನು ಬರೀ ಅಮಲಿನ ಆಲ್ಬಮ್ ಎಂದು ಕರೆಯುವವರು ಈ ಅರ್ಧವನ್ನು ಕೈಬಿಟ್ಟಿರುತ್ತಾರೆ.

ನಮ್ಮ ಕಡೆಯ ಕೇಳುಗರಿಗೆ ಈ ಆಲ್ಬಮ್ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಪಾಶ್ಚಾತ್ಯ ಜನಪ್ರಿಯ ಗೀತೆಯನ್ನು ಮುಂದಕ್ಕೆ ಒಯ್ಯುವುದು ಕಾರ್ಡ್‌ಗಳ ಬದಲಾವಣೆ. ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಹೊರಟು, ಮನೆಗೆ ಮರಳುವುದೇ ಅದರ ಪ್ರಯಾಣ. 'ಟುಮಾರೋ ನೆವರ್ ನೋಸ್' ಎಲ್ಲಿಗೂ ಹೊರಡುವುದಿಲ್ಲ. ತಂಬೂರಿ ಆಧಾರ ಷಡ್ಜವನ್ನು ಹಿಡಿದಿರುತ್ತದೆ, ಹಾಡು ಅದರ ಮೇಲೆಯೇ ನಿಂತಿರುತ್ತದೆ. ನಡುನಡುವೆ ಕೆಳಗಿನ ನಿಷಾದವನ್ನು ಮುಟ್ಟಿ ಮತ್ತೆ ಷಡ್ಜಕ್ಕೇ ಬರುತ್ತದೆ. ಅದರ ಸ್ವರಗಳನ್ನು ಎಣಿಸಿದರೆ ನಮ್ಮ ಹರಿಕಾಂಭೋಜಿಯ ಸ್ವರಗಳೇ ಸಿಗುತ್ತವೆ. ರಾಗವೇನೂ ಅಲ್ಲ, ಸಂಚಾರವಿಲ್ಲ, ಗಮಕವಿಲ್ಲ. ಆದರೂ ಶ್ರುತಿಯ ಮೇಲೆ ನಿಂತು ಕೇಳುವ ಅಭ್ಯಾಸವಿರುವವರಿಗೆ ಆ ಹಾಡು ಅಷ್ಟೇನೂ ವಿಚಿತ್ರವೆನಿಸದು. ಅಮೆರಿಕದ ವಿಮರ್ಶಕರು ಕಾಲವೇ ನಿಂತ ಅನುಭವ ಎಂದು ಬಣ್ಣಿಸಿದ್ದನ್ನು ನಮ್ಮಲ್ಲಿ ಕಛೇರಿಗೆ ಮುನ್ನ ತಂಬೂರಿ ಶ್ರುತಿ ಮಾಡುವ ಹೊತ್ತಿನಲ್ಲೇ ಜನ ಉಣ್ಣುತ್ತಾರೆ, ಯಾವ ಮಾತ್ರೆಯೂ ಇಲ್ಲದೆ.

ಹ್ಯಾರಿಸನ್ ಬರೆದ 'ಲವ್ ಯೂ ಟು' ಇನ್ನೂ ಮುಂದಕ್ಕೆ ಹೋಗುತ್ತದೆ. 1965ರ 'ನಾರ್ವೇಜಿಯನ್ ವುಡ್' ಹಾಡಿನಲ್ಲಿ ಸಿತಾರು ಗಿಟಾರಿನ ಜಾಗದಲ್ಲಿ ಕೂತ ಹೊಸ ಬಣ್ಣ ಮಾತ್ರ. ಇಲ್ಲಿ ಕಟ್ಟಡವೇ ಬೇರೆ. ತಾಳವಿಲ್ಲದ ಪುಟ್ಟ ಆಲಾಪದಿಂದ ಆರಂಭ, ಆಮೇಲೆ ತಬಲದ ಪ್ರವೇಶ, ಕೊನೆಗೆ ದ್ರುತಗತಿಯ ಓಟ. ಹೆಚ್ಚುವರಿ ಅಲಂಕಾರವಾಗಿ ಬಂದದ್ದು ಈಗ ಎಲೆಕ್ಟ್ರಿಕ್ ಗಿಟಾರು. ಮೂರು ನಿಮಿಷದಲ್ಲಿ ಇದನ್ನೆಲ್ಲ ಅಡಕ ಮಾಡುವುದು ಶಾಸ್ತ್ರೀಯ ಸಂಗೀತದ ದೃಷ್ಟಿಯಿಂದ ಅವಸರವೇ. ಕಲಿಯುವವನ ಅವಸರ ಅದು, ಅಣಕಿಸುವವನದಲ್ಲ.

ಕಲಿಸಿದವರು ಯಾರು ಎಂಬಲ್ಲಿಗೆ ಬಂದಾಗ ಕಥೆ ನಮ್ಮ ನಾಡಿಗೂ ತಾಗುತ್ತದೆ. 'ನಾರ್ವೇಜಿಯನ್ ವುಡ್' ರೆಕಾರ್ಡಿಂಗಿನ ದಿನಗಳಲ್ಲಿ ಹ್ಯಾರಿಸನ್‌ರ ಸಿತಾರಿನ ತಂತಿ ಹರಿಯಿತು. ತಂತಿಗಾಗಿ ಸ್ಟುಡಿಯೋದವರು ಸಂಪರ್ಕಿಸಿದ್ದು ಲಂಡನ್ನಿನ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಯನ್ನು. ಅದನ್ನು 1946ರಲ್ಲಿ ಕಟ್ಟಿದವರು ಆಯನ ಅಂಗಡಿ ಮತ್ತು ಅವರ ಪತ್ನಿ, ಚಿತ್ರಕಲಾವಿದೆ ಪೆಟ್ರೀಷಿಯಾ. ಆಯನ ಅಂಗಡಿ ಇಂದಿನ ಉತ್ತರ ಕರ್ನಾಟಕದಲ್ಲಿ ಹುಟ್ಟಿ, 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. ವಸಾಹತುಶಾಹಿಯ ವಿರುದ್ಧ ಬರೆಯುತ್ತಿದ್ದ ರಾಜಕೀಯ ಜೀವ. ಉತ್ತರ ಲಂಡನ್ನಿನ ಫಿಂಚ್ಲಿಯ ಅವರ ಮನೆಯೇ ಸಂಸ್ಥೆಯ ಕೇಂದ್ರ. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ತಂತಿಯ ನೆಪದಲ್ಲಿ ಆರಂಭವಾದ ಪರಿಚಯ ಬೆಳೆಯಿತು. ಹ್ಯಾರಿಸನ್ ಮತ್ತು ಪತ್ನಿ ಪ್ಯಾಟಿ ಆ ಮನೆಗೆ ಹೋಗಿಬರತೊಡಗಿದರು, ಅಲ್ಲಿನ ಕಛೇರಿಗಳನ್ನು ಕೇಳಿದರು. 1966ರ ಬೇಸಿಗೆಯಲ್ಲಿ ಹ್ಯಾರಿಸನ್ ಪಂಡಿತ್ ರವಿಶಂಕರ್‌ರನ್ನು ಮೊದಲ ಸಲ ಭೇಟಿಯಾದದ್ದೂ ಅಂಗಡಿ ದಂಪತಿಯ ಮೂಲಕವೇ.

'ಲವ್ ಯೂ ಟು' ಹಾಡಿಗೆ ತಬಲ ನುಡಿಸಲು ಏಪ್ರಿಲ್ 11ರಂದು ಅನಿಲ್ ಭಾಗವತ್ ಸ್ಟುಡಿಯೋಗೆ ಹೋದದ್ದು ಈ ಸಂಸ್ಥೆಯ ಕಡೆಯಿಂದ. ಅವರ ಹೆಸರು ಆಲ್ಬಮ್ಮಿನ ಹಿಂಬದಿಯಲ್ಲಿ ಅಚ್ಚಾಯಿತು. ಹೊರಗಿನ ವಾದಕರ ಹೆಸರು ಹಾಕುವ ರೂಢಿಯೇ ವಿರಳವಾಗಿದ್ದ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಆ ಹಾಡಿನಲ್ಲಿ ಹ್ಯಾರಿಸನ್ ಜೊತೆ ನುಡಿಸಿದ ಸರ್ಕಲ್ಲಿನ ಉಳಿದ ಕಲಾವಿದರ ಹೆಸರಿಗೆ ಜಾಗ ಸಿಗಲಿಲ್ಲ. ಸಿತಾರಿನಲ್ಲಿ ಹ್ಯಾರಿಸನ್‌ರ ಪಾಲೆಷ್ಟು, ಹೆಸರಿಲ್ಲದವರ ಪಾಲೆಷ್ಟು ಎಂದು ಸಂಶೋಧಕರು ಇಂದಿಗೂ ವಾದಿಸುತ್ತಾರೆ. ಈ ವಾದ ಬೇಕಾಗಿಯೇ ಇರಲಿಲ್ಲ. ಅಂದು ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿದ್ದರೆ ಸಾಕಿತ್ತು.

ಬೀಟಲ್ಸ್ ಭಾರತೀಯ ಸಂಗೀತವನ್ನು ಕದ್ದರು ಎಂಬ ಆರೋಪ ಆಗಾಗ ಕೇಳಿಬರುತ್ತದೆ. ಹ್ಯಾರಿಸನ್‌ರ ಮಟ್ಟಿಗೆ ಅದು ನಿಲ್ಲದು. ಜುಲೈನಲ್ಲಿ ಮನಿಲಾದಿಂದ ಹಿಂದಿರುಗುವಾಗ ಅವರು ದೆಹಲಿಯಲ್ಲಿ ಇಳಿದು ಸಿತಾರು ಕೊಂಡರು. ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದು ರವಿಶಂಕರ್‌ರ ಮುಂದೆ ವಿದ್ಯಾರ್ಥಿಯಾಗಿ ಕೂತರು. ಕೊನೆಯ ತನಕ ಆ ಗುರುಭಾವವನ್ನು ಬಿಡಲಿಲ್ಲ. ಆದರೆ ಅವರ ಹಿಂದೆ ಬಂದ ಅಲೆಗೆ ಇಷ್ಟು ಸಂಯಮವಿರಲಿಲ್ಲ. ಸಿತಾರೆಂದರೆ ನಶೆ, ತಂಬೂರಿಯೆಂದರೆ ಗಾಂಜಾ ಎಂಬ ಸಮೀಕರಣವೊಂದು ಪಶ್ಚಿಮದಲ್ಲಿ ಹರಡಿತು. ರವಿಶಂಕರ್ ಇದರಿಂದ ನೊಂದರು, ಬಹಿರಂಗವಾಗಿ ವಿರೋಧಿಸಿದರು. ತಮ್ಮ ಕಛೇರಿಗೆ ಅಮಲಿನಲ್ಲಿ ಬರಬೇಡಿ, ಈ ಸಂಗೀತ ಪೂಜೆಯಂಥದು ಎಂದು ಯುವಜನರಿಗೆ ಮತ್ತೆಮತ್ತೆ ಹೇಳಿದರು. ನನ್ನ ವಾದದ ಅತ್ಯಂತ ಬಲವಾದ ಸಾಕ್ಷಿ ಅವರೇ. ಸೈಕೆಡೆಲಿಕ್ ಸಂಗೀತ ಯಾವ ನಾದವನ್ನು ಎರವಲು ತಂದಿತೋ ಆ ನಾದದ ಹಿಂದೆ ಇದ್ದದ್ದು ದಿನಕ್ಕೆ ಹತ್ತಾರು ತಾಸಿನ ಸಾಧನೆ. ಏಕಾಗ್ರತೆಯ ಫಲವನ್ನು ಅಮಲಿನ ಲಕ್ಷಣವೆಂದು ತಿಳಿದುಕೊಂಡದ್ದು ಆ ದಶಕದ ದೊಡ್ಡ ತಪ್ಪು ಗ್ರಹಿಕೆ.

ಅನುಕರಿಸಿದವರಲ್ಲಿ ಬಹುಮಂದಿ ಹಿಡಿದುಕೊಂಡದ್ದು ಅಮಲನ್ನು, ಕೆಲಸವನ್ನಲ್ಲ. 1967ರ ಹೊತ್ತಿಗೆ ಹಿಂದುಮುಂದಾದ ಟೇಪು, ತಿರುಗುವ ಸ್ಪೀಕರು, ಸಿತಾರಿನ ಝೇಂಕಾರ ಎಲ್ಲ ಕಡೆಯೂ ಮಸಾಲೆಯಾದವು. ಅವುಗಳಲ್ಲಿ ಹೆಚ್ಚಿನವನ್ನು ಇಂದು ಕೇಳಲಾಗದು. ಉಳಿದುಕೊಂಡದ್ದು ಕಾರ್ಯಾಗಾರದ ಪಾಠವನ್ನು ಕಲಿತವರ ಕೆಲಸ. ಪಿಂಕ್ ಫ್ಲಾಯ್ಡ್ ತಮ್ಮ ಮೊದಲ ಆಲ್ಬಮ್ಮನ್ನು 1967ರಲ್ಲಿ ಅದೇ ಅಬ್ಬಿ ರೋಡಿನಲ್ಲಿ ಮಾಡಿದರು. ನಿರ್ಮಾಪಕರಾಗಿದ್ದವರು ಎಮೆರಿಕ್‌ಗೆ ಮುನ್ನ ಬೀಟಲ್ಸ್ ಎಂಜಿನಿಯರ್ ಆಗಿದ್ದ ನಾರ್ಮನ್ ಸ್ಮಿತ್. ಆ ಆಲ್ಬಮ್ಮಿನ ಜೀವವಾಗಿದ್ದ ಸಿಡ್ ಬ್ಯಾರೆಟ್ ಮರುವರ್ಷ ಮಾನಸಿಕ ಆರೋಗ್ಯ ಕುಸಿದು ತಂಡದಿಂದ ಹೊರಬಿದ್ದರು. ಎಲ್‌ಎಸ್‌ಡಿಯ ಅತಿಸೇವನೆಯೂ ಅದಕ್ಕೆ ಕಾರಣವಾಯಿತೆಂದು ಅವರ ಒಡನಾಡಿಗಳು ಹಲವರು ನಂಬುತ್ತಾರೆ. ಉಳಿದವರು ಅದೇ ಸ್ಟುಡಿಯೋದಲ್ಲಿ ತಾಳ್ಮೆಯಿಂದ ಕೂತು 1973ರಲ್ಲಿ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಮುಗಿಸಿದರು. ಅದರ 'ಮನಿ' ಹಾಡಿನಲ್ಲಿ ನಾಣ್ಯ, ಗಲ್ಲಾಪೆಟ್ಟಿಗೆಗಳ ಸದ್ದನ್ನು ಟೇಪಿನ ತುಂಡುಗಳಾಗಿ ಅಳೆದು ಕತ್ತರಿಸಿ, ಅಂಟಿಸಿ, ಲೂಪ್ ಮಾಡಿ ಏಳರ ತಾಳಕ್ಕೆ ಕೂರಿಸಿದ್ದಾರೆ. ಏಪ್ರಿಲ್ 7ರ ಪೆನ್ಸಿಲ್ಲುಗಳಿಂದ ಅಲ್ಲಿಗೆ ನೇರ ದಾರಿಯಿದೆ.

ರಿವಾಲ್ವರ್ ಬಿಟ್ಟುಹೋದ ಆಸ್ತಿಯಲ್ಲಿ ಒಂದು ನಷ್ಟವೂ ಇದೆ, ಅದನ್ನು ಮರೆಮಾಚಬಾರದು. 1966ರ ಆಗಸ್ಟ್ 29ರಂದು ಬೀಟಲ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ತಮ್ಮ ಕೊನೆಯ ಟಿಕೆಟ್ ಕಾರ್ಯಕ್ರಮ ನೀಡಿದರು. ಆಲ್ಬಮ್ ಹೊರಬಂದು ಒಂದು ತಿಂಗಳೂ ಆಗಿರಲಿಲ್ಲ. ಆದರೂ ಆ ಪ್ರವಾಸದಲ್ಲಿ ಅದರ ಒಂದೇ ಒಂದು ಹಾಡನ್ನೂ ಅವರು ಹಾಡಲಿಲ್ಲ. ಎರಡು ಗಿಟಾರು, ಒಂದು ಬೇಸು, ಒಂದು ಡ್ರಮ್ಮಿನಿಂದ ಹೆಚ್ಚಿನವನ್ನು ಹಾಡಲು ಸಾಧ್ಯವೂ ಇರಲಿಲ್ಲ. ಅಲ್ಲಿಯ ತನಕ ಡಿಸ್ಕ್ ಎಂದರೆ ಹಾಡಿಕೆಯ ನೆರಳು. ಇಲ್ಲಿಂದ ಮುಂದೆ ಡಿಸ್ಕೇ ಮೂಲ, ವೇದಿಕೆಯ ಹಾಡಿಕೆ ಅದರ ನೆರಳು. ನಮ್ಮ ಸಂಗೀತದ ಜೀವಾಳವಾದ ಮನೋಧರ್ಮಕ್ಕೆ, ಆ ಹೊತ್ತಿಗೆ ಹುಟ್ಟಿ ಆ ಹೊತ್ತಿಗೇ ಕರಗುವ ನಾದಕ್ಕೆ, ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಭಾರತೀಯ ಸಂಗೀತಕ್ಕೆ ಅಷ್ಟೊಂದು ಋಣಿಯಾದ ಆಲ್ಬಮ್ಮೇ ಆ ಸಂಗೀತದ ಮೂಲಗುಣಕ್ಕೆ ವಿರುದ್ಧವಾದ ದಾರಿಯನ್ನು ತೆರೆಯಿತು. ಇಂದು ಬೆಂಗಳೂರಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಲೂಪ್ ಮೇಲೆ ಲೂಪ್ ಜೋಡಿಸುವ ಹುಡುಗಿಗೆ ಪೆನ್ಸಿಲ್ ಹಿಡಿದು ನಿಲ್ಲುವವರ ಅಗತ್ಯವಿಲ್ಲ. ಅನುಕೂಲ ನಿಜ. ಆದರೆ ಅವಳ ಯಂತ್ರದಲ್ಲಿ ಮಿಕ್ಸನ್ನು ಎಷ್ಟು ಸಲವಾದರೂ ಹಾಗೇ ಮತ್ತೆ ಪಡೆಯಬಹುದು. ಎಂಟನೆಯದೋ ಹನ್ನೊಂದನೆಯದೋ ಎಂದು ತೂಗಿ ನೋಡಿ ಒಂದನ್ನು ಕೈಬಿಡಬೇಕಾದ ಒತ್ತಡ ಅವಳಿಗಿಲ್ಲ. ಆ ಒತ್ತಡವೇ ರಿವಾಲ್ವರಿನ ಕಿವಿಯನ್ನು ಅಷ್ಟು ಚುರುಕಾಗಿಸಿತ್ತು ಎಂದು ನಾನು ತಿಳಿಯುತ್ತೇನೆ.

2022ರಲ್ಲಿ ಜಾರ್ಜ್ ಮಾರ್ಟಿನ್‌ರ ಮಗ ಗೈಲ್ಸ್ ಮಾರ್ಟಿನ್ ಈ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದರು. ಚಿತ್ರನಿರ್ದೇಶಕ ಪೀಟರ್ ಜಾಕ್ಸನ್‌ರ ತಂಡ ರೂಪಿಸಿದ ತಂತ್ರಜ್ಞಾನ, ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದ ವಾದ್ಯಗಳನ್ನು ಬೇರ್ಪಡಿಸಿಕೊಟ್ಟಿತು. ಬಿಡಿಸಲಾಗದೆಂದು ತಿಳಿದಿದ್ದನ್ನು ಬಿಡಿಸಿ ಕೇಳಿದಾಗ ತಿಳಿದುಬರುವುದೇನೆಂದರೆ ಪ್ರತಿ ಎಳೆಯೂ ಎಷ್ಟು ಖಚಿತವಾಗಿ, ಎಷ್ಟು ಹದವಾಗಿ ನುಡಿಸಲ್ಪಟ್ಟಿದೆ ಎಂಬುದು. ಮಸುಕು ಯಾವ ಎಳೆಯಲ್ಲೂ ಇಲ್ಲ, ಅವು ಸೇರಿದಾಗ ಹುಟ್ಟುವಂಥದು ಅದು.

ಹೊರಗಿನ ವಾದಕರ ಹೆಸರು ಅಚ್ಚು ಹಾಕುವ ವಿಷಯದಲ್ಲಿ ಮಾತ್ರ ರಿವಾಲ್ವರ್ ಇಟ್ಟ ಅರ್ಧ ಹೆಜ್ಜೆಯನ್ನು ಮುಂದಿನ ಆಲ್ಬಮ್ ಹಿಂದಕ್ಕೆ ತೆಗೆದುಕೊಂಡಿತು. 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ 'ವಿದಿನ್ ಯೂ ವಿದೌಟ್ ಯೂ' ಹಾಡಿಗೆ ದಿಲ್ರುಬಾ, ತಬಲ, ತಂಬೂರಿ ನುಡಿಸಲು ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಕಲಾವಿದರೇ ಬಂದರು. ಆ ಆಲ್ಬಮ್ಮಿನ ಮುಖಪುಟದ ಮೇಲೆ ಹತ್ತಾರು ಪ್ರಸಿದ್ಧರ ಮುಖಗಳು ಸಾಲಾಗಿ ನಿಂತಿವೆ. ಹ್ಯಾರಿಸನ್ ಆರಿಸಿದ ಭಾರತದ ಯೋಗಿಗಳು ನಾಲ್ವರು ಅಲ್ಲಿದ್ದಾರೆ. ಗಾಂಧೀಜಿಯ ಚಿತ್ರವೂ ಇತ್ತು, ಭಾರತದಲ್ಲಿ ಜನ ನೊಂದುಕೊಂಡಾರೆಂಬ ಅಂಜಿಕೆಯಿಂದ ಇಎಂಐ ತೆಗೆಸಿತು. ಇಷ್ಟೆಲ್ಲ ಮುಖಗಳಿಗೆ ಜಾಗ ಮಾಡಿಕೊಟ್ಟ ಆ ಹೊದಿಕೆಯ ಮೇಲೆ ದಿಲ್ರುಬಾ ನುಡಿಸಿದವರ ಹೆಸರು ಇಲ್ಲ. ಅವರು ಯಾರೆಂದು ಲೋಕಕ್ಕೆ ತಿಳಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು.